ಎತ್ತಿದ ಕಡೆಗೇ ಇಡಮ್ಮ

ಅವರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಗೆರೆಗಳಿದ್ದವು. ಒಂದೆರಡಲ್ಲ, ಮಕ್ಕಳ ಸ್ಕೇಲಿನ ಮೇಲೆ ಇರುವಷ್ಟು. ಬುಡದಿಂದ ತುದಿಯವರೆಗೆ ಒಂದರ ಪಕ್ಕ ಒಂದು, ಕೂದಲಿನಷ್ಟು ತೆಳ್ಳಗೆ. ಹಳೆಯವು ಕಪ್ಪಗಾಗಿದ್ದವು, ಅವತ್ತಿನವು ಬೆಳ್ಳಗಿದ್ದವು. ಸಾಣೆ ಹಿಡಿದ ಚಾಕುವಿನ ಅಲಗನ್ನು ಅವರು ಆ ಉಗುರಿನ ಮೇಲೆ ಹಗೂರಕ್ಕೆ ಇಟ್ಟು ನೋಡುತ್ತಿದ್ದರು. ಅಲಗು ಜಾರಿದರೆ ಇನ್ನೂ ಮೊಂಡು, ಮತ್ತೆ ಕಲ್ಲಿಗೆ. ಉಗುರನ್ನು ಕಚ್ಚಿ ನಿಂತರೆ ಹರಿತ ಬಂದಿದೆ ಎಂದರ್ಥ. ಹಾಗೆ ಕಚ್ಚಿದ ಒಂದೊಂದು ಚಾಕುವೂ ಒಂದೊಂದು ಗೆರೆ ಬಿಟ್ಟು ಹೋಗುತ್ತಿತ್ತು.

ಚಳ್ಳಕೆರೆ ಪೇಟೆಯಲ್ಲಿ, ಎಣ್ಣೆಮಿಲ್ಲುಗಳ ಕಡೆಗೆ ತಿರುಗುವ ರಸ್ತೆಯ ಮೂಲೆಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ನಾಲ್ಕು ತಗಡು, ಸೈಕಲ್ಲಿನ ಪೆಡಲು ಜೋಡಿಸಿದ ಒಂದು ಸಾಣೆ ಚಕ್ರ, ಮುಂದೆ ಮೊಣಕಾಲೆತ್ತರದ ಒಂದು ಬೇವಿನ ಹಲಗೆ. ಎಲ್ಲರೂ ಅವರನ್ನು ಸಾಣೆ ಸಾಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊಂಡು ಚಾಕು ತಂದವರು ಅದನ್ನು ಹಲಗೆಯ ಮೇಲಿಡಬೇಕು, ಹರಿತ ಮಾಡಿದ ಮೇಲೆ ಅವರೂ ಹಲಗೆಯ ಮೇಲೇ ಇಡುತ್ತಿದ್ದರು. ಕೈಯಿಂದ ಕೈಗೆ ಚಾಕು ಕೊಟ್ಟವರಲ್ಲ, ಇಸಿದುಕೊಂಡವರೂ ಅಲ್ಲ. "ಕೈಗೆ ಕೊಟ್ರೆ ಜಗಳ ಆಗ್ತೈತೆ" ಎನ್ನುತ್ತಿದ್ದರು. ಅದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ನಮ್ಮವ್ವನೂ ಉಪ್ಪು, ಮೆಣಸಿನಕಾಯಿ, ಚಾಕು ಮೂರನ್ನೂ ಕೈಗೆ ಕೊಡದೆ ನೆಲಕ್ಕಿಟ್ಟು "ತಗಾ" ಎನ್ನುತ್ತಿದ್ದಳು. ಆದರೆ ಸಾಬರ ಪದ್ಧತಿಗೆ ಇನ್ನೊಂದು ಬಾಲ ಇತ್ತು. ನೋಡಲೆಂದು ಎತ್ತಿಕೊಂಡ ಚಾಕುವನ್ನು ಎಲ್ಲಿಂದ ಎತ್ತಿದೆವೋ ಅಲ್ಲಿಗೇ, ಹೇಗಿತ್ತೋ ಹಾಗೇ ಇಡಬೇಕು. "ಎತ್ತಿದ ಕಡೆಗೇ ಇಡಮ್ಮ" ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದರೋ!

ಒಂದೇ ಒಂದು ಸಲ ನಾನು ಅದನ್ನು ಮರೆತೆ. ಆ ಮರೆವಿನಿಂದ ಅವರ ಹಲಗೆ ಶಾಶ್ವತವಾಗಿ ಖಾಲಿಯಾಗುವುದರಲ್ಲಿತ್ತು. ಅದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ಮೊದಲು ನನ್ನ ಚಾಕುವಿನ ಕಥೆ ಹೇಳದೆ ಹೇಗೆ?

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೊಂಡ್ಲಹಳ್ಳಿಯಿಂದಾಚೆಯ ಒಂದು ಹಟ್ಟಿಯ ಶಾಲೆಗೆ ಹೊಸದಾಗಿ ಸೇರಿದ ಟೀಚರು. ಶಾಲೆಗೆ ನಾನೊಬ್ಬಳೇ. ಚಳ್ಳಕೆರೆಯಲ್ಲಿ ಬಾಡಿಗೆ ಕೋಣೆ, ದಿನಾ ಬೆಳಿಗ್ಗೆ ಬಸ್ಸು. ಕೆಲಸದ ಆದೇಶ ಬಂದ ದಿನ, ಪರಶುರಾಂಪುರದ ಹತ್ತಿರ ಹೊಲ ಮಾಡುತ್ತಿದ್ದ ಅಪ್ಪ ತನ್ನ ಸೊಂಟದ ಚೀಲದಿಂದ ಮಡಚುವ ಚಾಕು ತೆಗೆದು ನನ್ನ ಮುಂದಿಟ್ಟಿದ್ದ. "ಹೊರಗೆ ಹೋಗಾಳು, ಹತ್ರ ಒಂದು ಚಾಕು ಇರ್ಲಿ" ಎಂದಿದ್ದ. ಯಾರನ್ನಾದರೂ ಹೆದರಿಸಲಿ ಎಂದಿದ್ದನೋ ಏನೋ. ನಾನು ಅದರಲ್ಲಿ ಶಾಲೆ ನಡೆಸಿದೆ! ನಲವತ್ತು ಮಕ್ಕಳ ಪೆನ್ಸಿಲ್ ಕೆತ್ತುತ್ತಿದ್ದೆ. ಜೋಳದ ದಂಟಿನ ಬೆಂಡಿನಲ್ಲಿ ಎತ್ತಿನಗಾಡಿ, ತಕ್ಕಡಿ, ಗಡಿಯಾರ ಮಾಡಿ ಲೆಕ್ಕ ಹೇಳಿಕೊಡುತ್ತಿದ್ದೆ. ಇಲಾಖೆ ಕೊಟ್ಟಿದ್ದ ಪಾಠೋಪಕರಣ ಎಂದರೆ ಒಂದು ಹರಿದ ಭೂಪಟ. ಮಿಕ್ಕಿದ್ದೆಲ್ಲ ಅಪ್ಪನ ಚಾಕುವಿನಿಂದ ಹುಟ್ಟಿದ್ದು.

ಅದನ್ನು ಕಳೆದುಕೊಂಡಿದ್ದು ನನ್ನ ಆತುರದಿಂದಲೇ. ಆಗ ಮಕ್ಕಳಿಗೆ ತಿಂಗಳಿಗೊಮ್ಮೆ ಅಕ್ಕಿ ಕೊಡುತ್ತಿದ್ದರು. ಟ್ರ್ಯಾಕ್ಟರಿನಲ್ಲಿ ಬಂದ ಚೀಲದ ಹೊಲಿಗೆಯನ್ನು ಚಾಕುವಿನಿಂದ ಬಿಚ್ಚಿ, ಚಾಕುವನ್ನು ಟ್ರೇಲರಿನ ಅಂಚಿಗಿಟ್ಟು, ಅಕ್ಕಿ ಅಳೆಯಲು ಓಡಿದೆ. ತಿರುಗಿ ನೋಡುವಷ್ಟರಲ್ಲಿ ಟ್ರ್ಯಾಕ್ಟರು ಮುಂದಿನ ಊರಿನ ದಾರಿ ಹಿಡಿದಿತ್ತು. ಹಿಂದೆ ಅಷ್ಟು ದೂರ ಓಡಿದೆ, ಮಕ್ಕಳೂ ಓಡಿದರು. ಧೂಳು ಸಿಕ್ಕಿತು, ಚಾಕು ಸಿಗಲಿಲ್ಲ. ಮಾರನೆಯ ದಿನದಿಂದ ಶಾಲೆಯ ಗಾಡಿ, ತಕ್ಕಡಿ ಎಲ್ಲ ನಿಂತವು. ಆಂಧ್ರದ ಗಡಿ ಹತ್ತಿರವಾದ್ದರಿಂದ ನನ್ನ ಮಕ್ಕಳ ಬಾಯಲ್ಲಿ ತೆಲುಗು ಕನ್ನಡ ಎರಡೂ ಕಲಸಿ ಬರುತ್ತಿದ್ದವು. ಬಾಗಿಲಲ್ಲೇ ನಿಂತು ದಿನಾ ಒಂದೇ ಪ್ರಶ್ನೆ: "ಟೀಚರ್, ಕತ್ತಿ ವಚ್ಚಿಂದಾ?" ಚಾಕು ಬಂತಾ ಎಂದು.

ಐವತ್ತು ರೂಪಾಯಿ ಎತ್ತಿಟ್ಟೆ. ಮನೆಗೆ ಕಳಿಸಿ, ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಚಾಕುವಿಗೆಂದು ನಾನು ಮುಟ್ಟಬಹುದಾಗಿದ್ದದ್ದು ಅಷ್ಟೇ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಸಾಬರ ಹಲಗೆಯ ಮುಂದೆ ನಿಂತೆ. ಸೀರೆ ಕೊಳ್ಳುವಾಗಲೂ ನನ್ನೆದೆ ಹಾಗೆ ಹೊಡೆದುಕೊಂಡಿರಲಿಲ್ಲ.

"ಏನು ಬೇಕಮ್ಮ?"

"ಚಾಕು. ಮಡಚಾದು."

"ಮನೆಯೋರಿಗಾ?"

"ನನಗೇ."

ಅವರ ಕಾಲು ಪೆಡಲಿನ ಮೇಲೆ ನಿಂತಿತು. ಮುಖ ನನ್ನ ಕಡೆ ತಿರುಗಿತು. ಬಿಳಿ ಗಡ್ಡ, ದಪ್ಪ ಕನ್ನಡಕ, ತುಟಿಯಂಚಿನಲ್ಲಿ ನಗು. "ಏನೇನು ಕೊಯ್ತೀಯಮ್ಮ?" ಎಂದು ಕೇಳಿದರು. ಚಾಕು ಮಾರುವವರು ಹಾಗೆ ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಪೆನ್ಸಿಲ್ಲು, ಹುರಿ, ಅಕ್ಕಿ ಚೀಲದ ಹೊಲಿಗೆ, ಜೋಳದ ದಂಟು, ಬೇವಿನ ಕಡ್ಡಿ, ಸೀಬೆಹಣ್ಣು ಎಂದು ಒಂದೇ ಉಸಿರಿಗೆ ಹೇಳಿದೆ.

ಹಲಗೆಯ ಮೇಲೆ ಮೂರು ಚಾಕು ಇಟ್ಟರು. ಒಂದು ಉದ್ದ ಮರದ ಹಿಡಿಯದು, ನನ್ನ ಕೈಗೆ ದೊಡ್ಡದು. ಇನ್ನೊಂದಕ್ಕೆ ಹಿಡಿಯೇ ಇಲ್ಲ, ಬರೀ ಕಪ್ಪು ಅಲಗು, ನೋಡಲು ಸುಟ್ಟ ರೊಟ್ಟಿಯ ಚೂರಿನಂತಿತ್ತು. ಮೂರನೆಯದು! ಕೆಂಪು ಹಿಡಿ, ಫಳಫಳ ಹೊಳಪು, ಒಳಗೆ ಹನ್ನೊಂದು ಸಾಮಾನು. ಚಮಚ, ಮುಳ್ಳುಚಮಚ, ಪುಟ್ಟ ಕತ್ತರಿ, ಬಾಟಲಿಯ ಮುಚ್ಚಳ ತೆಗೆಯುವುದು, ಸುರುಳಿ ಸುತ್ತಿದ ಒಂದು ಮೊಳೆ. ಆ ಮೊಳೆ ಯಾತಕ್ಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಒಂದೊಂದನ್ನೇ ಬಿಡಿಸುತ್ತಾ ನಾನು ಅಲ್ಲೇ ಮರುಳಾದೆ.

"ಇದೇ ಕೊಡ್ರಿ. ಎಷ್ಟು?"

"ಐವತ್ತು. ಕೊಡಲ್ಲ."

"ಯಾಕೆ? ಐವತ್ತೈತೆ ನನ್ನ ಹತ್ರ."

"ಇದು ಚಾಕು ಅಲ್ಲಮ್ಮ, ಅಡಿಗೆಮನೆ. ನಿನ್ನ ಐವತ್ತು ರೂಪಾಯಿ ಹನ್ನೊಂದು ಸಾಮಾನಿಗೆ ಹಂಚಿ ಹೋಗ್ತೈತೆ. ಅಲಗಿಗೆ ಎಷ್ಟು ಬಂತು? ಐದು ರೂಪಾಯಿ ಅಲಗು ಐದು ರೂಪಾಯಿ ಕೆಲಸಾನೇ ಮಾಡ್ತೈತೆ. ದುಡ್ಡು ಕಡಿಮೆ ಇರೋರು ಐವತ್ತೂ ಅಲಗಿಗೇ ಹಾಕ್ಬೇಕು."

"ನೋಡಕ್ಕೆ ಚೆನ್ನಾಗೈತೆ."

"ನೋಡಕ್ಕೆ ಬೇಕಾದ್ರೆ ದಿನಾ ಬಂದು ನೋಡು. ಮುಂದಿನ ಶನಿವಾರ ನೀನು ಕೊಯ್ಯೋದೆಲ್ಲ ತಗಂಡು ಬಾ. ಅವು ಹೇಳ್ತಾವೆ ಯಾವ ಚಾಕು ಅಂತ. ಆಂ, ಎತ್ತಿದ ಕಡೆಗೇ ಇಡಮ್ಮ."

ಸಿಟ್ಟು ಬಂತು. ದುಡ್ಡು ಹಿಡಿದು ನಿಂತವಳಿಗೆ ಕೊಡುವುದಿಲ್ಲ ಎನ್ನುವ ಅಂಗಡಿಯವರು ಎಲ್ಲಾದರೂ ಉಂಟಾ! ಆದರೂ ಸೋಮವಾರ ಮಕ್ಕಳಿಗೆ ಹೇಳಿದೆ ನೋಡಿ, ಶಾಲೆಗೆ ಹಬ್ಬ ಬಂದ ಹಾಗಾಯಿತು. ವಾರವಿಡೀ ನನ್ನ ಚೀಲಕ್ಕೆ ಸಾಮಾನು ಬೀಳುತ್ತಲೇ ಇತ್ತು. ದಂಟು, ಕಡ್ಡಿ, ಹುರಿ, ಕುರಿ ಉಣ್ಣೆಯ ದಾರ, ಒಣ ಸೋರೆಬುರುಡೆಯ ಚೂರು. ಎರಡನೇ ತರಗತಿಯ ಒಬ್ಬಳು ಕಲ್ಲಿನಂಥ ಬೆಲ್ಲದ ಉಂಡೆ ತಂದಳು. "ಇದು ಕೊಯ್ದ್ರೆ ಮಾತ್ರ ತಗಳ್ರಿ ಟೀಚರ್" ಎಂದು ಷರತ್ತು ಹಾಕಿದಳು.

ಎರಡನೇ ಶನಿವಾರ ಹಲಗೆಯ ಮೇಲೆ ಪರೀಕ್ಷೆ ನಡೆಯಿತು. ಕೊಯ್ಯುವವಳು ನಾನು. ಸಾಬರು ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದರು. ಸಂಗೀತ ಕೇಳುವವರ ಗತ್ತು ನೋಡು ಎಂದು ನಾನು ಒಳಗೇ ನಕ್ಕೆ. ಕೆಂಪು ಚಾಕುವನ್ನು ದಂಟಿಗೆ ಒತ್ತುತ್ತಿದ್ದ ಹಾಗೆ ಅಲಗು ಹಿಂದಕ್ಕೆ ಮಡಚಿಕೊಂಡು ನನ್ನ ಬೆರಳ ಮೇಲೇ ಬಿತ್ತು. ಮೊಂಡಾಗಿತ್ತು, ಬೆರಳು ಬದುಕಿತು.

"ಟಪ್ ಅಂತಲ್ಲ? ಕೀಲು ಸಡ್ಲ ಐತೆ. ಚಾಕು ಕೊಳ್ಳುವಾಗ ಬಾಯಿಗಿಂತ ಮುಂಚೆ ಕೀಲು ನೋಡ್ಬೇಕು. ಬಿಚ್ಚಿ ಕಿವಿ ಹತ್ರ ಅಲ್ಲಾಡಿಸು. ಸದ್ದು ಬಂದ್ರೆ ಕೆಳಗಿಟ್ಟು ಮನೆಗೋಗು."

ಹಿಡಿಯಿಲ್ಲದ ಕಪ್ಪು ಅಲಗಿಗೆ ಬಟ್ಟೆ ಸುತ್ತಿಕೊಂಡು ದಂಟಿನ ಮೇಲಿಟ್ಟೆ. ಒತ್ತಲೇ ಇಲ್ಲ. ದಂಟು ತಾನಾಗಿಯೇ ಎರಡಾಯಿತು. ಇನ್ನೊಂದು, ಮತ್ತೊಂದು! ಹುರಿ, ಕಡ್ಡಿ, ಬುರುಡೆ, ಎಲ್ಲದರ ಮೂಲಕ ಅದು ಸುಮ್ಮನೆ ನಡೆದು ಹೋಯಿತು. ಕಬ್ಬಿಣ ಕೊಯ್ಯುವ ಗರಗಸದ ಮುರಿದ ತುಂಡಿನಿಂದ ಅದನ್ನು ಅವರೇ ಮಾಡಿದ್ದರಂತೆ. "ಹೊಳೆಯಲ್ಲ. ಒರೆಸಿ ಇಡದಿದ್ರೆ ತುಕ್ಕೂ ಹಿಡೀತೈತೆ. ಆದ್ರೆ ಬಾಯಿ ನಿಲ್ತೈತೆ, ಹರಿತ ಹೋಗಲ್ಲ" ಎಂದರು. ಬೆಲ್ಲದ ಉಂಡೆ ನಾಲ್ಕು ಹೋಳಾಯಿತು. ಅದರಲ್ಲೊಂದು ಹೋಳು ಬಾಯಿಗೆ ಹಾಕಿಕೊಂಡು, "ಈ ಪರೀಕ್ಷೆ ಮಾತ್ರ ನನ್ನದು" ಎಂದು ಚೀಪಿದರು.

ಆಮೇಲೆ ಹಸಿ ಮಣ್ಣಿನ ಒಂದು ಉಂಡೆ ಹಲಗೆಯ ಮೇಲಿಟ್ಟು "ಚಾಕು ಹಿಡಿದಂಗೆ ಹಿಡಿ" ಎಂದರು. ಹಿಡಿದೆ. ನನ್ನ ಬೆರಳಿನ ಗುರುತು ಬಿದ್ದ ಉಂಡೆಯನ್ನು ಎತ್ತಿಕೊಂಡು, ಒಂದೊಂದು ತಗ್ಗಿನಲ್ಲೂ ತಮ್ಮ ಬೆರಳಾಡಿಸಿದರು. "ಕಿರುಬೆರಳಿಗೆ ಜೋರಿಲ್ಲ. ಸೀಮೆಸುಣ್ಣ ಹಿಡಿಯೋ ಕೈ. ಹಿಡಿ ಹಿಂದುಗಡೆ ಸ್ವಲ್ಪ ದಪ್ಪ ಇರ್ಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನ್ನ ಕೈಯನ್ನು ಅದುವರೆಗೆ ಯಾರೂ ಅಷ್ಟು ಗಮನವಿಟ್ಟು ಓದಿರಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ನನ್ನ ಕೈಯನ್ನೇ ನೋಡಿಕೊಂಡು ಹೋದೆ.

ಮೂರನೇ ಶನಿವಾರ ಬಂತು. ಬಸ್ಸು ನಿಲ್ಲುವ ಮೊದಲೇ ಇಳಿದೆ. ಅಂಗಡಿಯಲ್ಲಿ ರಸ್ತೆಯಾಚೆಯ ಕಟಿಂಗ್ ಶಾಪಿನವರೂ ಇದ್ದರು. ಅವರ ಮೂರು ಕ್ಷೌರದ ಕತ್ತಿಗಳು ಹಲಗೆಯ ಬಲಗಡೆ ಸಾಲಾಗಿದ್ದವು. ಎಡಗಡೆ ನನ್ನ ಚಾಕು! ಕಪ್ಪು ಅಲಗಿಗೆ ಎಮ್ಮೆ ಕೊಂಬಿನ ಹಿಡಿ ಬಂದಿತ್ತು. ಹಿಂದೆ ಸ್ವಲ್ಪ ದಪ್ಪ, ಮುಂದೆ ಸಣ್ಣ. ಕೈಗೆ ತೆಗೆದುಕೊಂಡರೆ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತು. ಬಿಚ್ಚಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ, ಸದ್ದಿಲ್ಲ. ಮಡಚಿದೆ, ಟಕ್ ಎಂದಿತು. ಮತ್ತೆ ಬಿಚ್ಚಿದೆ. ಪೇಟೆಯ ನಡುವೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. "ಎಷ್ಟು ಚೆನ್ನಾಗೈತೆ ಸಾಬ್ರೇ!" ಎಂದು ಕೂಗುತ್ತಾ, ದುಡ್ಡು ತೆಗೆಯಲು ಚಾಕುವನ್ನು ಹಲಗೆಗಿಟ್ಟು ಚೀಲಕ್ಕೆ ಕೈ ಹಾಕಿದೆ.

ಇಟ್ಟಿದ್ದು ಎತ್ತಿದ ಕಡೆಯಲ್ಲಿ ಅಲ್ಲ. ಮಡಚಿಯೂ ಇಟ್ಟಿರಲಿಲ್ಲ. ಬಿಚ್ಚಿದ ಅಲಗು ಸಾಬರ ಕಡೆಗೆ ಬಾಯಿ ಮಾಡಿಕೊಂಡು ಹಲಗೆಯ ನಡುಮಧ್ಯೆ ಬಿದ್ದಿತ್ತು.

ಅವರು ಕಾಗದದಲ್ಲಿ ಸುತ್ತಿಕೊಡಲೆಂದು ಕೈ ನೀಡಿದರು. ಕೈ ಸೀದಾ ಎಡಗಡೆಗೆ, ಚಾಕು ಮೊದಲಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಹಲಗೆಯನ್ನು ಸವರುತ್ತಾ ನಡುವಿಗೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಅಂಗೈ ಕೊಯ್ದುಕೊಂಡಿತ್ತು.

ರಕ್ತ ಹಲಗೆಯ ಮೇಲೆ ಹರಿಯಿತು. ಅವರು ಹೆಗಲ ಬಟ್ಟೆ ಎಳೆದು ಅಂಗೈಗೆ ಒತ್ತಿ ಹಿಡಿದರು. ಕಟಿಂಗ್ ಶಾಪಿನವರು ಎದ್ದು ಹತ್ತಿರ ಬಂದು, ಸಾಬರ ಮುಖದ ಮುಂದೆ ಎರಡು ಬೆರಳು ಹಿಡಿದು ಆಚೀಚೆ ಆಡಿಸಿದರು. ಸಾಬರ ಕಣ್ಣು ಮಿಟುಕಲಿಲ್ಲ. ಆ ದಪ್ಪ ಕನ್ನಡಕದ ಹಿಂದೆ ಏನೂ ಅಲುಗಲಿಲ್ಲ. ಕಟಿಂಗ್ ಶಾಪಿನವರು ತಮ್ಮ ಮೂರು ಕತ್ತಿಗಳನ್ನೂ ಎತ್ತಿಕೊಂಡರು.

ಸಾಬರಿಗೆ ಅದರ ಸದ್ದು ಕೇಳಿಸಿತು. "ಕತ್ತಿ ಎತ್ಕಂಡ್ರಾ?" ಎಂದರು.

"ಜನರ ಗಂಟಲ ಮೇಲೆ ಆಡಿಸೋ ಸಾಮಾನು ಸಾಬ್ರೇ" ಎಂದಷ್ಟೇ ಹೇಳಿ ಅವರು ರಸ್ತೆ ದಾಟಿ ಹೋದರು. ಅವರ ತಪ್ಪು ಎನ್ನಲಾರೆ. ಗೊತ್ತಾದ ಮೇಲೆ ಯಾರೇ ಆದರೂ ಹಾಗೇ ಮಾಡುತ್ತಿದ್ದರು.

ನಾನು ಅಳುತ್ತಿದ್ದೆ. ಸಾಬರೇ ನನ್ನನ್ನು ಸಮಾಧಾನ ಮಾಡಬೇಕಾಯಿತು. "ಕಣ್ಣು ಹೋಗಿ ಮೂರು ವರ್ಷ ಆತು ಬೇಟಿ. ಮನೇಲಿ ಗೊತ್ತು, ಪೇಟೆಗೆ ಗೊತ್ತಿರ್ಲಿಲ್ಲ. ದಾವಣಗೆರೇಲಿ ತೋರಿಸ್ದೆ. ನರ ಒಣಗೈತಂತೆ, ಬರಲ್ಲ ಅಂದ್ರು. ನನ್ನ ಕೈ, ಕಿವಿ, ಉಗುರು ನೆಟ್ಟಗವೆ. ಅಷ್ಟಿದ್ರೆ ಸಾಣೆ ಹಿಡೀಬಹುದು. ಆದ್ರೆ ಯಾರು ನಂಬ್ತಾರೆ ಹೇಳು?" ಗಾಯದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಚಾಕುವನ್ನು ಒರೆಸಿ, ಮಡಚಿ, ಹಲಗೆಯ ಎಡಗಡೆಗೆ ಇಟ್ಟರು. "ಎತ್ಕ. ನಿನ್ನ ಹುಡುಗ್ರು ಕಾಯ್ತಿರ್ತಾವೆ."

ಸೋಮವಾರ ಮಕ್ಕಳು ಆ ಚಾಕುವನ್ನು ಕಂಡು ಕುಣಿದಾಡಿದರು. ಸಂಜೆಯೊಳಗೆ ಹದಿನೆಂಟು ಗಾಡಿ! ನಾನು ಮಾಡುತ್ತಾ ಹೋದೆ, ಅಲಗು ಒಂದಿಷ್ಟೂ ಮೊಂಡಾಗಲಿಲ್ಲ. ನನಗೆ ಖುಷಿಯೂ ಆಗುತ್ತಿತ್ತು, ಖುಷಿಯಾಗುತ್ತಿದೆಯಲ್ಲ ಎಂದು ಸಂಕಟವೂ ಆಗುತ್ತಿತ್ತು. ಮುಂದಿನ ಶನಿವಾರ ಹೋಗಿ ನೋಡಿದರೆ ಹಲಗೆಯ ಮೇಲೆ ಒಂದು ಚಾಕುವೂ ಇರಲಿಲ್ಲ. ಅದರ ಮುಂದಿನ ಶನಿವಾರವೂ ಇರಲಿಲ್ಲ. ಸಾಬರು ಪೆಡಲಿನ ಮೇಲೆ ಕಾಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಈ ತಿಂಗಳು ಮುಗಿದ ಮೇಲೆ ಚಕ್ರ ಬಿಚ್ಚಿಡೋಣ ಎಂದಿದ್ದನಂತೆ. "ಅನ್ನಕ್ಕೇನೂ ತೊಂದ್ರೆ ಇಲ್ಲಮ್ಮ, ಮಗ ದುಡೀತಾನೆ. ಬೆಳಗೆದ್ದು ಎಲ್ಲಿಗೆ ಹೋಗ್ಲಿ ಅನ್ನಾದೇ ಯೋಚ್ನೆ" ಎಂದರು.

ಆ ಮಾತು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ದಾರಿ ತೋರಿಸಿದ್ದು ಹಟ್ಟಿಯ ಒಬ್ಬ ಅಜ್ಜಿ, ಬೆಲ್ಲ ತಂದಿದ್ದ ಹುಡುಗಿಯ ಅಜ್ಜಿ. ಶಾಲೆಯ ಕಟ್ಟೆಯ ಮೇಲೆ ನನ್ನ ಚಾಕುವನ್ನು ಮುಟ್ಟಿ ನೋಡಿ, "ಈ ಕತ್ತಿ ಎವರು ಚೇಸಿನಾರಮ್ಮ?" ಯಾರು ಮಾಡಿದ್ದು ಎಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. ನನ್ನ ತಪ್ಪು, ಗಾಯ, ಸಾಬರಿಗೆ ಕಣ್ಣು ಕಾಣುವುದಿಲ್ಲ ಎನ್ನುವುದು, ಯಾವುದನ್ನೂ ಮುಚ್ಚಿಡಲಿಲ್ಲ.

ಅಜ್ಜಿ ನನ್ನನ್ನೇ ಬೈದಳು. "ನನಗೂ ಕಾಣಲ್ಲ. ನಾನು ಈರುಳ್ಳಿ ಹೆಚ್ಚಲ್ವಾ? ರೊಟ್ಟಿ ಬಡಿಯಲ್ವಾ? ಅದಕ್ಕೆ ಅಳ್ತಾ ಕುಂತೀಯಾ?" ಎಂದವಳೇ ಮನೆಗೆ ಹೋಗಿ ತನ್ನ ಈಳಿಗೆಮಣೆ ತಂದು ನನ್ನ ಮುಂದೆ ಕುಕ್ಕಿದಳು. "ಮೊಂಡಾಗಿ ಒಂದು ವರ್ಷ ಆತು. ತಗಂಡೋಗು."

ಅಷ್ಟು ಸಾಕಾಗಿತ್ತು! ಶುಕ್ರವಾರ ಸಂಜೆಯ ಹೊತ್ತಿಗೆ ಶಾಲೆಯ ಮೂಲೆಯಲ್ಲಿ ಏಳು ಈಳಿಗೆಮಣೆ, ಹನ್ನೆರಡು ಕುಡುಗೋಲು, ಉಣ್ಣೆ ಕತ್ತರಿಸುವ ಎರಡು ದೊಡ್ಡ ಕತ್ತರಿ ಸೇರಿದ್ದವು. ಶನಿವಾರ ಗೋಣಿಚೀಲಕ್ಕೆ ತುಂಬಿದೆ, ಇಬ್ಬರು ಹೆಂಗಸರು ಎತ್ತಿ ಬಸ್ಸಿಗೆ ಹಾಕಿಕೊಟ್ಟರು. ಕಂಡಕ್ಟರು ಚೀಲದ ಬಾಯಿ ಸರಿಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಟೀಚರಮ್ಮ, ಶಾಲೆಯಿಂದ ಬರ್ತಿದೀರಾ, ಯುದ್ಧಕ್ಕೆ ಹೊರಟಿದೀರಾ?"

"ಸಾಣೆ ಹಿಡಿಸಕ್ಕೆ ಕಣ್ರಿ."

"ಯಾರ ಹತ್ರ? ಆ ಸಾಬ್ರಿಗೆ ಕಣ್ಣು ಹೋಗೈತಂತಲ್ಲ?"

ಬಸ್ಸಿನ ತುಂಬಾ ಜನ. ಎದ್ದು ನಿಂತು ಪರ್ಸಿನಿಂದ ನನ್ನ ಚಾಕು ತೆಗೆದೆ. ಕಂಡಕ್ಟರ ಕೈಯಲ್ಲಿದ್ದ ರದ್ದಿ ಟಿಕೇಟನ್ನು ಇಸಿದುಕೊಂಡು, ಗಾಳಿಯಲ್ಲಿ ಹಿಡಿದು ಸೀಳಿದೆ. ಸದ್ದೇ ಬರಲಿಲ್ಲ. "ಕಣ್ಣು ಹೋದ ಮೇಲೆ ಮಾಡಿದ್ದು ಇದು!" ಎಂದೆ. ಪಾಠ ಮಾಡುವಾಗಲೂ ನನ್ನ ದನಿ ಅಷ್ಟು ಗಟ್ಟಿಯಾಗಿ ಬರುತ್ತಿರಲಿಲ್ಲ. ಕಂಡಕ್ಟರು ಲಗೇಜಿನ ಟಿಕೇಟು ಮಾತ್ರ ಬಿಡದೆ ಹರಿದರು. ಆದರೆ ಇಳಿಯುವಾಗ ಚೀಲ ಇಳಿಸಿಕೊಟ್ಟು, "ನಮ್ಮ ಮನೇಲಿ ಒಂದು ಕತ್ತರಿ ಐತೆ, ಮುಂದಿನ ವಾರ ಕೊಡ್ಲಾ?" ಎಂದು ಪಿಸುಗುಟ್ಟಿದರು.

ಸಾಬರ ಮುಂದೆ ಚೀಲ ಸುರಿಯಲಿಲ್ಲ. ಒಂದೊಂದನ್ನೇ ಸಾಲಾಗಿ ಇಟ್ಟು ಹೇಳುತ್ತಾ ಹೋದೆ. "ಎಡಗಡೆ ಮೊದಲನೇದು ಕುಡುಗೋಲು, ಹಿಡಿ ನಿಮ್ಮ ಕಡೆ. ಪಕ್ಕದಲ್ಲಿ ಇನ್ನೊಂದು, ಹಿಡಿ ನಿಮ್ಮ ಕಡೆ." ಹಲಗೆ ತುಂಬಿ ಕೆಳಗಿನ ಕಲ್ಲಿನ ಮೇಲೂ ಇಟ್ಟೆ. ಕೊನೆಯ ಈಳಿಗೆಮಣೆ ಇಟ್ಟ ಮೇಲೆ ಸಾಬರು ಎಡಗಡೆಯ ಮೊದಲನೆಯ ಕುಡುಗೋಲಿನ ಹಿಡಿಗೆ ಸೀದಾ ಕೈ ಹಾಕಿದರು. ಮೂರು ವಾರದಿಂದ ನಿಂತಿದ್ದ ಚಕ್ರ ತಿರುಗಿತು. ಆ ಕಿರ್ರೆನ್ನುವ ಸದ್ದು ಎಷ್ಟು ಚೆನ್ನಾಗಿತ್ತೆಂದರೆ ನಾನು ಬಸ್ಸು ತಪ್ಪಿಸಿಕೊಂಡವಳ ಹಾಗೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಪ್ರತಿ ಶನಿವಾರ ಚೀಲ ಬಂತು. ಒಂದು ಹಟ್ಟಿಯದು ಎರಡು ಊರಿನದಾಯಿತು. ಹರಿತ ಮಾಡಿದ್ದನ್ನು ನಾನೂ ನನ್ನ ಹೆಬ್ಬೆರಳ ಉಗುರಿನ ಮೇಲಿಟ್ಟು ನೋಡಲು ಕಲಿತೆ. ನಾಲ್ಕನೆಯ ಶನಿವಾರವೋ ಐದನೆಯದೋ, ರಸ್ತೆಯಾಚೆಯಿಂದ ಕಟಿಂಗ್ ಶಾಪಿನವರು ಬಂದರು. ಯಾರನ್ನೂ ಮಾತಾಡಿಸದೆ ಸಾಲಿನಿಂದ ಒಂದು ಕುಡುಗೋಲು ಎತ್ತಿಕೊಂಡು, ತಮ್ಮ ಮುಂಗೈ ಕೂದಲಿನ ಮೇಲೆ ಎಳೆದರು. ಕೂದಲು ಹೋಗಿ ಅಂಗುಲದಷ್ಟು ಚರ್ಮ ನುಣ್ಣಗೆ ಕಂಡಿತು. ಕುಡುಗೋಲಲ್ಲಿ ಯಾರಾದರೂ ಕ್ಷೌರ ಮಾಡಿಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ! ಅದನ್ನು ಎತ್ತಿದ ಕಡೆಗೇ ಇಟ್ಟರು. ಆಮೇಲೆ ಜೇಬಿನಿಂದ ಒಂದು ಕತ್ತಿ ತೆಗೆದು ಹಲಗೆಯ ಮೇಲಿಟ್ಟರು.

"ಬಲಗಡೆ ಇಟ್ಟೀನಿ ಸಾಬ್ರೇ. ಹಿಡಿ ನಿಮ್ಮ ಕಡೆ."

"ಉಳಿದ ಎರಡು?" ಎಂದರು ಸಾಬರು, ಪೆಡಲು ನಿಲ್ಲಿಸದೆ.

"ಸಂಜೆಗೆ ತರ್ತೀನಿ."

ಚಕ್ರ ಬಿಚ್ಚುವ ಮಾತು ಅವತ್ತಿಗೆ ಮುಗಿಯಿತು. ಆಮೇಲೆ ಎಷ್ಟೋ ವರ್ಷ ಅವರು ಆ ಮೂಲೆಯಲ್ಲೇ ಕೂತಿದ್ದರು. ಕಣ್ಣಿಲ್ಲ ಎಂದು ಇಡೀ ಪೇಟೆಗೆ ಗೊತ್ತಿತ್ತು. ಹೊಸಬರು ಯಾರಾದರೂ ಚಾಕುವನ್ನು ಅಡ್ಡಾದಿಡ್ಡಿ ಇಟ್ಟರೆ ಅಕ್ಕಪಕ್ಕದವರೇ ಗದರುತ್ತಿದ್ದರು. ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು, ಶನಿವಾರಗಳು ತಿಂಗಳಿಗೊಂದಾದವು, ಆಮೇಲೆ ಮೂರು ತಿಂಗಳಿಗೊಂದು. ಚಾಕು ಮಾತ್ರ ಪರ್ಸಿನಲ್ಲಿ ದಿನಾ ಇತ್ತು. ಸಾಣೆಗೆ ಕೊಡುವ ನೆಪದಲ್ಲಾದರೂ ಹೋಗೋಣ ಎಂದರೆ ಆ ಹಾಳು ಅಲಗು ಮೊಂಡಾಗುತ್ತಲೇ ಇರಲಿಲ್ಲ.

ಎರಡು ಸಾವಿರದ ಇಸವಿಯ ಆಚೆ ಒಂದು ಸಲ ಹೋದಾಗ ಚಕ್ರಕ್ಕೆ ಪ್ಲಾಸ್ಟಿಕ್ ಹೊದಿಸಿತ್ತು. ಮನೆ ಹುಡುಕಿಕೊಂಡು ಹೋದೆ. ಸಾಬರು ಮಂಚದ ಮೇಲಿದ್ದರು. ದನಿಯಿಂದಲೇ ಗುರುತು ಹಿಡಿದು "ಟೀಚರಮ್ಮ!" ಎಂದರು. ನನ್ನ ಕಣ್ಣು ಮೊದಲು ಹೋಗಿದ್ದು ಅವರ ಎಡಗೈ ಹೆಬ್ಬೆರಳಿಗೆ. ಉಗುರು ನುಣ್ಣಗಿತ್ತು, ಒಂದೂ ಗೆರೆ ಇರಲಿಲ್ಲ. ಮಲಗಿದ ತಿಂಗಳುಗಳಲ್ಲಿ ಉಗುರು ಬೆಳೆದು ಬೆಳೆದು, ಹಳೆಯ ಗೆರೆಗಳನ್ನೆಲ್ಲ ಯಾರೋ ಕತ್ತರಿಸಿ ಹಾಕಿದ್ದರು.

"ಚಾಕು ತಂದೀಯಾ?" ಎಂದರು.

ತೆಗೆದು, ಮಡಚಿದ ಹಾಗೇ, ಮಂಚದ ಅಂಚಿಗೆ ಇಟ್ಟೆ. "ಎಡಗಡೆ ಇಟ್ಟೀನಿ ಸಾಬ್ರೇ. ಹಿಡಿ ನಿಮ್ಮ ಕಡೆ."

ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಗಾಯದ ಗುರುತಿದ್ದ ಅಂಗೈಯನ್ನು ನನ್ನ ಕಡೆ ಚಾಚಿದರು. "ಕೈಗೆ ಕೊಡಮ್ಮ."

"ಬ್ಯಾಡ್ರೀ. ಜಗಳ ಆಗ್ತೈತೆ."

"ಆಗ್ಲಿ. ಜಗಳ ಆಡಕ್ಕಾದ್ರೂ ಇನ್ನೊಂದ್ಸಲ ಬರ್ತೀಯಲ್ಲ."

ಕೈಗೆ ಕೊಟ್ಟೆ. ಅವರು ಬಿಚ್ಚಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. ಆಮೇಲೆ ಅಲಗನ್ನು ಹೆಬ್ಬೆರಳ ಉಗುರಿನ ಮೇಲಿಟ್ಟರು. ಜಾರಲಿಲ್ಲ, ಕಚ್ಚಿ ನಿಂತಿತು. "ಐತೆ" ಎಂದು ನಕ್ಕು, ಮಡಚಿ, ನನ್ನ ಕೈಗೇ ಕೊಟ್ಟರು. ಆ ನುಣ್ಣನೆಯ ಉಗುರಿನ ಮೇಲೆ ಒಂದು ಬೆಳ್ಳನೆಯ ಗೆರೆ ಉಳಿಯಿತು.

ಮುಂದಿನ ಶನಿವಾರವೇ ಹೊರಟೆ. ಬಸ್ಸಿನಲ್ಲಿ ಜಗಳದ ಮಾತುಗಳನ್ನು ಜೋಡಿಸಿಕೊಂಡೆ. ಇದೇನು ವ್ಯಾಪಾರ ಸಾಬ್ರೇ, ಇಷ್ಟು ವರ್ಷವಾದರೂ ಮೊಂಡಾಗದ ಚಾಕು ಮಾಡಿಕೊಟ್ಟಿದ್ದೀರಿ, ಬರಲು ನೆಪವೇ ಇಲ್ಲದ ಹಾಗೆ ಮಾಡಿದ್ದೀರಿ ಎಂದು ದಬಾಯಿಸಬೇಕೆಂದಿದ್ದೆ. ಅವರು ಏನು ಹೇಳಬಹುದು, ಅದಕ್ಕೆ ನಾನು ಏನು ಹೇಳಬೇಕು ಎಂದು ಯೋಚಿಸಿ ಒಬ್ಬಳೇ ನಗುತ್ತಿದ್ದೆ. ಅವರ ಓಣಿಗೆ ತಿರುಗಿದರೆ ಮನೆಯ ಮುಂದೆ ತುಂಬಾ ಚಪ್ಪಲಿಗಳಿದ್ದವು. ಕಟಿಂಗ್ ಶಾಪಿನವರು ಬಾಗಿಲ ಪಕ್ಕ ತಲೆ ಬಗ್ಗಿಸಿ ನಿಂತಿದ್ದರು. ನನ್ನನ್ನು ಕಂಡು, "ಬೆಳಿಗ್ಗೆ ಹೋಗ್ಬಿಟ್ರು ಟೀಚರಮ್ಮ" ಎಂದರು.

ಈಗಲೂ ಚಾಕು ನನ್ನ ಪರ್ಸಿನಲ್ಲಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಮೇಜಿನ ಮೇಲಿಟ್ಟು "ತಗೊಳ್ಳಿ" ಎನ್ನುತ್ತೇನೆ. ಕೆಲಸವಾದ ಮೇಲೆ ಎತ್ತಿದ ಕಡೆಗೇ ಇಡಿ ಎಂದೂ ಹೇಳುತ್ತೇನೆ. ಇಷ್ಟು ವರ್ಷಗಳಲ್ಲಿ ಅದನ್ನು ಕೈಗೆ ಕೊಟ್ಟಿದ್ದು ಒಬ್ಬರಿಗೇ. ಆ ಜಗಳ ಇನ್ನೂ ಆಗಿಲ್ಲ.